ಈ ಧೂಳಿನ ಲೆಕ್ಕ ಕೊಡಿ

ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಬೆಳಗಿನ ಜಾವ ಕಸ ಗುಡಿಸುವ ಹೆಣ್ಣುಮಕ್ಕಳನ್ನು ನೋಡಿ. ಮೂಗಿಗೆ ಸೆರಗು, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ಡಿವೈಡರ್ ಬುಡದಲ್ಲಿ ಅವರು ಗುಡ್ಡೆ ಹಾಕಿದ ಬೂದು ಧೂಳನ್ನು ಹಾದುಹೋಗುವ ಟ್ರೇಲರ್ ಮತ್ತೆ ಅವರ ಮುಖಕ್ಕೇ ಎರಚುತ್ತದೆ. ಅದರಲ್ಲಿ ಸಿಮೆಂಟು, ಟೈರಿನ ಪುಡಿ, ಡೀಸೆಲ್ ಮಸಿಯಷ್ಟೇ ಇಲ್ಲ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕೂಡ ಇವೆ.

ಇವು ಬರುವುದು ವಾಹನಗಳ ಹೊಗೆಕೊಳವೆಯಿಂದ. ಸೈಲೆನ್ಸರಿಗೆ ಮೊದಲು ಕೂರಿಸಿದ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ, ಅದರ ಗೋಡೆಗಳಿಗೆ ಈ ಲೋಹಗಳ ತೆಳು ಲೇಪ. ವಿಷಾನಿಲದ ಹಲ್ಲು ಮುರಿಯುವುದು ಆ ಲೇಪವೇ. 1995ರ ಏಪ್ರಿಲ್‌ನಲ್ಲಿ ಮುಂಬೈ ಸೇರಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು, ಒಳ್ಳೆಯದೇ ಆಯಿತು. ನನ್ನ ಸಿಟ್ಟು ಉಪಕರಣದ ಮೇಲಲ್ಲ. ಅದನ್ನು ಪುಡಿಗಟ್ಟಿಸಿ ಕೈತೊಳೆದುಕೊಳ್ಳುವ ಬೇಜವಾಬ್ದಾರಿಯ ಮೇಲೆ.

ಲೇಪ ಉದುರುವುದು ಕುಲುಕಾಟಕ್ಕೆ, ಎಂಜಿನ್ ಮುಗ್ಗರಿಸುವುದಕ್ಕೆ, ಕಾದು ತಣಿದು ಮತ್ತೆ ಕಾಯುವ ಬೇಗೆಗೆ. ಇಲ್ಲಿ ಯಾವುದಕ್ಕೂ ಬರವಿಲ್ಲ. ನೆಹರೂ ಬಂದರಿನಿಂದ ಗುಜರಾತಿಗೆ ಹೊರಟ ಕಂಟೇನರುಗಳು, ಕಾಸರವಡವಲಿಯವರೆಗಿನ ಮೆಟ್ರೋ ಕಾಮಗಾರಿ, ಗಾಯ್‌ಮುಖ್ ಘಾಟಿಯ ಗುಂಡಿಗಳ ನಡುವೆ ವಾಹನಗಳು ನಿಂತು, ತೆವಳಿ, ಬಿದ್ದು, ಎದ್ದು ಸಾಗುತ್ತವೆ. ಪ್ರತಿ ಮಳೆಗಾಲ ಅದೇ ಗುಂಡಿ, ಅದೇ ತೇಪೆ.

ಅಧಿಕಾರಿಗಳೇ, ಗೊತ್ತಿರಲಿಲ್ಲ ಎನ್ನಬೇಡಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮ್ಮೂರಿನ ರಸ್ತೆಧೂಳನ್ನು ಅಳೆದು, ಮೂರೂ ಲೋಹಗಳನ್ನು ಕಂಡು, 2011ರಲ್ಲೇ ಪ್ರಕಟಿಸಿದರು. ಅದಕ್ಕೂ ಹತ್ತು ವರ್ಷ ಮೊದಲು ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಇವು ಹೆಚ್ಚಿದ್ದು ವರದಿಯಾಗಿತ್ತು. ಆದರೂ 2009ರ ನಮ್ಮ ವಾಯು ಗುಣಮಟ್ಟ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಲೋಹಗಳು ಮೂರೇ: ಸೀಸ, ಆರ್ಸೆನಿಕ್, ನಿಕ್ಕಲ್. ಅಂದಿನಿಂದ ರಸ್ತೆಗಿಳಿದ ಗಾಡಿಗಳೆಷ್ಟು! ಪಟ್ಟಿ ಮಾತ್ರ ಕದಲಲಿಲ್ಲ.

ಪ್ಲಾಟಿನಂ ಜಡ ಲೋಹ, ಏನೂ ಆಗದು ಎಂದು ಸಮಾಧಾನ ಹೇಳುವವರಿದ್ದಾರೆ. ಅದರ ಕ್ಲೋರಿನ್ ಲವಣಗಳು ಶುದ್ಧೀಕರಣ ಕಾರ್ಖಾನೆಗಳ ಕಾರ್ಮಿಕರಿಗೆ ಆಸ್ತಮಾ ಹತ್ತಿಸಿದ್ದು ವೈದ್ಯಲೋಕಕ್ಕೆ ಹಳೆಯ ಸಂಗತಿ. ಪಲ್ಲಾಡಿಯಂ ಇನ್ನೂ ಸುಲಭವಾಗಿ ಜೀವಿಗಳ ಮೈ ಸೇರುತ್ತದೆ. ಮೊದಲ ಮಳೆ ಈ ರಸ್ತೆಯನ್ನು ತೊಳೆದು ಒಯ್ಯುವುದು ಖಾಡಿಯ ಹಿನ್ನೀರಿಗೆ, ಕಾಂಡ್ಲಾ ಗಿಡಗಳ ಬೇರುಗಳಿಗೆ, ಕೋಲಿ ಮೀನುಗಾರರ ಬಲೆಗೆ. ಅಳೆಯದೆಯೇ ಅಪಾಯವಿಲ್ಲ ಎನ್ನುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು?

ಈ ಲೋಹಕ್ಕೆ ತೆತ್ತ ಬೆಲೆಯನ್ನಾದರೂ ನೆನೆಯಿರಿ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಒಂದು ಟನ್ ಬಂಡೆ ಅರೆದರೆ ಕೆಲವೇ ಗ್ರಾಂ ಸಿಗುತ್ತದೆ. 2012ರ ಆಗಸ್ಟ್ 16ರಂದು ಮರಿಕಾನಾ ಪ್ಲಾಟಿನಂ ಗಣಿಯಲ್ಲಿ ಹೆಚ್ಚು ಕೂಲಿ ಕೇಳಿದ 34 ಕಾರ್ಮಿಕರನ್ನು ಪೊಲೀಸರು ಗುಂಡಿಟ್ಟು ಕೊಂದರು. ಹೀಗೆ ನೆತ್ತರು ಅಂಟಿಸಿಕೊಂಡು ಬಂದ ಲೋಹವನ್ನು ಗುಂಡಿಗಳಲ್ಲಿ ಕುಟ್ಟಿ ಚರಂಡಿಗೆ ಬಿಡುತ್ತಿದ್ದೇವೆ. ಈಕೋ ವ್ಯಾನುಗಳ ಸೈಲೆನ್ಸರ್ ಕದಿಯುವ ಕಳ್ಳರಿಗೆ ಒಳಗಿನ ಪುಡಿಯ ಬೆಲೆ ಗೊತ್ತಿದೆ. ಆಡಳಿತಕ್ಕೆ ಗೊತ್ತಿಲ್ಲವೆಂದರೆ ಅದು ಅಜ್ಞಾನವಲ್ಲ, ಅಪರಾಧ.

ಠಾಣೆ ಮಹಾನಗರಪಾಲಿಕೆಯೂ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಉತ್ತರಿಸಬೇಕು. ಮಾಜಿವಾಡದಿಂದ ಗಾಯ್‌ಮುಖ್‌ವರೆಗೆ ಧೂಳನ್ನೂ ಖಾಡಿಯ ಕೆಸರನ್ನೂ ಪರೀಕ್ಷಿಸಿ, ಅಂಕಿಅಂಶವನ್ನು ಮರಾಠಿಯಲ್ಲಿ, ಜನರ ಕಣ್ಣಿಗೆ ಬೀಳುವಂತೆ ಹಾಕಿ. ಪೊರಕೆಯ ಬದಲು ಧೂಳು ಹೀರುವ ಯಂತ್ರ ತನ್ನಿ. ಆದರೆ ಗುಡಿಸುವವರ ಕೆಲಸಕ್ಕೆ ಕೈ ಹಾಕಬೇಡಿ, ಅವರ ಶ್ವಾಸಕೋಶ ತಪಾಸಣೆ ಮಾಡಿಸಿ. ಗುಂಡಿ ಮುಚ್ಚದ ಗುತ್ತಿಗೆದಾರನ ಬಿಲ್ ತಡೆಹಿಡಿಯಿರಿ. ಸತ್ತ ಕನ್ವರ್ಟರುಗಳನ್ನು ವಾಪಸ್ ಪಡೆದು ಲೋಹ ಬೇರ್ಪಡಿಸುವ ಹೊಣೆಯನ್ನು ವಾಹನ ಕಂಪನಿಗಳ ತಲೆಗೆ ಕಟ್ಟಿ. ಇವುಗಳಲ್ಲಿ ಒಂದೂ ಅಸಾಧ್ಯವಲ್ಲ. ಮಾಡದಿದ್ದರೆ, ಮಾಡಲು ಮನಸ್ಸಿಲ್ಲ ಎಂದು ಠಾಣೆಯ ಜನರ ಮುಂದೆ ನಿಂತು ಹೇಳಿ.