ಮೂರು ಸುರುಳಿ, ಹದಿಮೂರು ನಾದ

ಈ ವಾರ ಎರಡು ಪತ್ರಗಳು ಒಟ್ಟಿಗೇ ಬಂದಿವೆ. ಒಂದು ತಿಕೋಟಾದ ಹತ್ತನೇ ತರಗತಿಯ ವಿದ್ಯಾರ್ಥಿಯದು. "ಸರ್, ನಮ್ಮ ಮಾಮಾ ಕೊಡಿಸಿದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಮೂರೇ ಇವೆ. ಆದರೆ ಸ್ವಿಚ್ ಐದು ಕಡೆ ನಿಲ್ಲುತ್ತದೆ. ಐದು ಕಡೆಯೂ ಬೇರೆ ಬೇರೆ ಧ್ವನಿ ಬರುತ್ತದೆ. ಇದು ಹೇಗೆ? ವೈರಿಂಗ್ ಬದಲಿಸಿದರೆ ಇನ್ನೂ ಹೆಚ್ಚು ಧ್ವನಿ ಬರುತ್ತವೆಯೇ?" ಎಂದು ಕೇಳಿದ್ದಾನೆ. ಇನ್ನೊಂದು ಪತ್ರ ಬಬಲೇಶ್ವರದ ಒಬ್ಬ ತಂದೆಯದು. ಅವರು ಬರೆದಿರುವುದು ಎರಡೇ ಸಾಲು: "ಗುರುಗಳೇ, ಎಸ್ಸೆಸ್ಸೆಲ್ಸಿ ವರ್ಷ ಐತಿ, ನಮ್ಮ ಹುಡುಗ ಗಿಟಾರ್ ಬಿಚ್ಚಿ ವಾಯರ್ ಹರವಿಕೊಂಡು ಕುಂತಾನ. ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಲೇನ್ರಿ?"

ಮೊದಲು ಹುಡುಗನ ಪ್ರಶ್ನೆಗೆ ಉತ್ತರ ಹುಡುಕೋಣ. ತಂದೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಅರ್ಧ ಸಿಗುತ್ತದೆ.

ಪಿಕಪ್ ಎಂದರೆ ಏನು? ಆಯಸ್ಕಾಂತದ ತುಂಡುಗಳ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ವೈರನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ, ಅಷ್ಟೇ. ಕೆಲವು ಪಿಕಪ್‌ಗಳಲ್ಲಿ 8 ಸಾವಿರದಷ್ಟು ಸುತ್ತುಗಳಿರುತ್ತವೆ. ಅದರ ಮೇಲೆ ಹಾದುಹೋಗುವ ಉಕ್ಕಿನ ತಂತಿ ಆಯಸ್ಕಾಂತದ ಪ್ರಭಾವದಿಂದ ತಾನೂ ಸ್ವಲ್ಪ ಆಯಸ್ಕಾಂತವಾಗುತ್ತದೆ. ತಂತಿಯನ್ನು ಮೀಟಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ. ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ. ನಮ್ಮ ಸೈಕಲ್ಲಿನ ಡೈನಮೊ, ಆಲಮಟ್ಟಿಯ ಜಲವಿದ್ಯುತ್ ಯಂತ್ರ, ಗಿಟಾರಿನ ಪಿಕಪ್ ಮೂರೂ ಅದೇ ತತ್ತ್ವದ ಮಕ್ಕಳು. ಆದರೆ ಪಿಕಪ್ ಕೊಡುವ ವಿದ್ಯುತ್ತು ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಅದನ್ನು ದೊಡ್ಡದು ಮಾಡಲು ಆಂಪ್ಲಿಫಯರ್ ಬೇಕು. ನೈಲಾನ್ ತಂತಿ ಹಾಕಿದರೆ ಈ ಪಿಕಪ್ ಮೂಕವಾಗುತ್ತದೆ. ನೈಲಾನಿಗೂ ಆಯಸ್ಕಾಂತಕ್ಕೂ ಸಂಬಂಧವಿಲ್ಲವಲ್ಲ! ಅಮೆರಿಕದ ಜಾರ್ಜ್ ಬೋಶಾಂ ಈ ಉಪಾಯದ ಪಿಕಪ್ಪನ್ನು 1931ರ ಹೊತ್ತಿಗೆ ಮಾಡಿ ತೋರಿಸಿದ. ಅದಕ್ಕೆ 1937ರಲ್ಲಿ ಪೇಟೆಂಟ್ ಸಿಕ್ಕಿತು.

ಹಾಗಾದರೆ ಒಂದೇ ಗಿಟಾರಿಗೆ ಮೂರು ಪಿಕಪ್ ಏಕೆ? ಇದಕ್ಕೆ ನಮ್ಮ ತಂಬೂರಿಯನ್ನು ನೆನೆಯಬೇಕು. ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ಸಿಗುವ ತೊರವಿಯ ಬಳಿ 1599ರಲ್ಲಿ ನವರಸಪುರ ಕಟ್ಟಿಸಲು ಹೊರಟ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತವೆಂದರೆ ಪ್ರಾಣ. ತನ್ನ ತಂಬೂರಿಗೆ ಆತ 'ಮೋತಿಖಾನ್' ಎಂದು ಹೆಸರನ್ನೇ ಇಟ್ಟಿದ್ದ. ಅದೇ ದಾರಿಯಲ್ಲಿ ಅಥಣಿ ದಾಟಿ ಮುಂದೆ ಹೋದರೆ ಇಂದಿಗೂ ತಂಬೂರಿ, ಸಿತಾರ್ ತಯಾರಿಸುವ ಮಿರಜ ಸಿಗುತ್ತದೆ. ತಂಬೂರಿ ಶ್ರುತಿ ಮಾಡುವವರನ್ನು ಗಮನಿಸಿದ್ದೀರಾ? ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ದಾರದ ಎಳೆ ಇಟ್ಟು ಅದನ್ನು ಹಿಂದೆ ಮುಂದೆ ಸರಿಸುತ್ತಾರೆ. ಶ್ರುತಿ ಬದಲಾಗುವುದಿಲ್ಲ, ನಾದದ ಬಣ್ಣ ಮಾತ್ರ ಬದಲಾಗುತ್ತದೆ. ಏಕೆಂದರೆ ಒಂದು ತಂತಿಯಿಂದ ಒಂದೇ ಸ್ವರ ಹೊರಡುವುದಿಲ್ಲ. ಇಡೀ ತಂತಿ ಒಂದಾಗಿ ಕಂಪಿಸುವ ಮೂಲಸ್ವರದ ಜೊತೆಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಕಂಪಿಸುವ ಉಪಸ್ವರಗಳೂ ಹೊರಡುತ್ತವೆ. ಯಾವುದು ಎಷ್ಟು ಎಂಬ ಪ್ರಮಾಣವೇ ನಾದದ ಬಣ್ಣ.

ಗಿಟಾರಿನಲ್ಲಿ ದಾರದ ಕೆಲಸವನ್ನು ಪಿಕಪ್ ಇರುವ ಜಾಗ ಮಾಡುತ್ತದೆ. ಕುದುರೆಯ ಹತ್ತಿರ ತಂತಿಯ ಓಲಾಟ ಕಡಿಮೆ. ಅಲ್ಲಿ ಮೂಲಸ್ವರ ಮೆತ್ತಗಾಗಿ ಉಪಸ್ವರಗಳು ಎದ್ದು ಕೇಳುತ್ತವೆ. ಆದ್ದರಿಂದ ಅಲ್ಲಿನ ಪಿಕಪ್ಪಿನ ಧ್ವನಿ ಚೂಪು. ಕುತ್ತಿಗೆಯ ಕಡೆಯ ಪಿಕಪ್ಪಿನ ಧ್ವನಿ ದುಂಡಗೆ, ತುಂಬಿದಂತೆ ಇರುತ್ತದೆ. ಪಿಕಪ್ ತಂತಿಯ ಉದ್ದದ ಸರಿಯಾಗಿ ಕಾಲುಭಾಗದಲ್ಲಿ ಇದೆ ಎನ್ನಿ. ತಂತಿ ನಾಲ್ಕು ಭಾಗವಾಗಿ ಕಂಪಿಸುವಾಗ ಆ ಬಿಂದು ಅಲುಗಾಡುವುದೇ ಇಲ್ಲ. ಹಾಗಾಗಿ ಬಿಡಿತಂತಿಯ ನಾಲ್ಕನೆಯ ಉಪಸ್ವರ ಆ ಪಿಕಪ್ಪಿನ ಕಿವಿಗೆ ಬೀಳುವುದಿಲ್ಲ!

ಈಗ ಸ್ವಿಚ್ಚಿಗೆ ಬರೋಣ. ಕುದುರೆಯ ಬಳಿಯದು ಕ, ನಡುವಿನದು ನ, ಕುತ್ತಿಗೆಯ ಬಳಿಯದು ತ ಎಂದು ಕರೆಯೋಣ. ಐದು ನಿಲುಗಡೆಗಳೆಂದರೆ ಕ, ಕ+ನ, ನ, ನ+ತ, ತ. ಇದಕ್ಕೊಂದು ಸ್ವಾರಸ್ಯದ ಇತಿಹಾಸವಿದೆ. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ ಬಂದಾಗ ಸ್ವಿಚ್ಚಿಗೆ ಮೂರೇ ನಿಲುಗಡೆ ಇದ್ದವು. ವಾದಕರು ಸ್ವಿಚ್ಚನ್ನು ಎರಡು ನಿಲುಗಡೆಗಳ ನಡುವೆ ಹೇಗೋ ನಿಲ್ಲಿಸಿ ಎರಡು ಪಿಕಪ್ ಒಟ್ಟಿಗೆ ಕೂಡಿದ ಹೊಸ ಧ್ವನಿ ಕಂಡುಕೊಂಡರು. ಕಂಪನಿ ಐದು ನಿಲುಗಡೆಯ ಸ್ವಿಚ್ ಕೊಟ್ಟದ್ದು 1977ರಲ್ಲಿ. ಬಳಸುವವರೇ ತಯಾರಕರಿಗೆ ಪಾಠ ಹೇಳಿದರು!

ಆದರೆ ಲೆಕ್ಕ ಮಾಡಿ ನೋಡಿ. ಪ್ರತಿ ಪಿಕಪ್ಪಿಗೂ ಆನ್ ಅಥವಾ ಆಫ್ ಎಂಬ ಎರಡು ಸ್ಥಿತಿ. ಮೂರು ಪಿಕಪ್ಪಿಗೆ 2×2×2 = 8. ಎಲ್ಲವೂ ಆಫ್ ಇರುವುದನ್ನು ಬಿಟ್ಟರೆ 7. ಅಂದರೆ ಕ+ತ ಮತ್ತು ಕ+ನ+ತ ಎಂಬ ಎರಡು ಧ್ವನಿಗಳು ಈ ಸ್ವಿಚ್ಚಿನಲ್ಲಿ ಸಿಗುತ್ತಿಲ್ಲ. ಕುತ್ತಿಗೆಯ ಪಿಕಪ್ಪನ್ನು ಯಾವಾಗ ಬೇಕಾದರೂ ಸೇರಿಸುವ ಒಂದು ಚಿಕ್ಕ ಸ್ವಿಚ್ ಹಾಕಿದರೆ ಅವೂ ಸಿಗುತ್ತವೆ. ತಿಕೋಟಾದ ಹುಡುಗನೇ, ನೀನು ಕೈಹಾಕಬಹುದಾದ ಮೊದಲ ಬದಲಾವಣೆ ಇದು.

ಇದು ಯಾವ ಪಿಕಪ್ ಎಂಬ ಆಯ್ಕೆಯಾಯಿತು. ಹೇಗೆ ಜೋಡಿಸಬೇಕು ಎಂಬ ಆಯ್ಕೆ ಬೇರೆ. ಇಲ್ಲಿ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ತೆರೆದುಕೊಳ್ಳುತ್ತದೆ. ಒಂದೊಂದು ಪಿಕಪ್ಪಿನ ರೋಧ 6 ಕಿಲೊ ಓಮ್ ಎಂದಿಟ್ಟುಕೊಳ್ಳಿ. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 12, ಸಮಾಂತರದಲ್ಲಿ ಜೋಡಿಸಿದರೆ 3. ಮಲ್ಟಿಮೀಟರ್ ಇಟ್ಟು ನೀವೇ ಅಳೆಯಬಹುದು. ಸರಣಿಯಲ್ಲಿ ಎರಡರ ವೋಲ್ಟೇಜ್ ಕೂಡುವುದರಿಂದ ಧ್ವನಿ ಜೋರು ಮತ್ತು ದಪ್ಪ. ಸಮಾಂತರದಲ್ಲಿ ಧ್ವನಿ ತಿಳಿ ಮತ್ತು ಚುರುಕು. ಪುಸ್ತಕದಲ್ಲಿ ಬರೀ ಅಂಕಿಯಾಗಿದ್ದ ವ್ಯತ್ಯಾಸ ಇಲ್ಲಿ ಕಿವಿಗೆ ಕೇಳುತ್ತದೆ.

ಮೂರನೆಯ ಆಯ್ಕೆ ದಿಕ್ಕಿನದು. ಒಂದು ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಅದರ ವಿದ್ಯುತ್ತು ತಿರುಗುಮುರುಗಾಗುತ್ತದೆ. ಅದೊಂದೇ ಇದ್ದಾಗ ಕಿವಿಗೆ ಏನೂ ವ್ಯತ್ಯಾಸ ತಿಳಿಯದು. ಇನ್ನೊಂದರ ಜೊತೆ ಕೂಡಿದಾಗ ಮಾತ್ರ ಎರಡರಲ್ಲೂ ಸಮನಾಗಿರುವ ಭಾಗ ಒಂದನ್ನೊಂದು ಹೊಡೆದುಹಾಕಿ, ಬೇರೆಯಾಗಿರುವ ಭಾಗ ಉಳಿಯುತ್ತದೆ. ಮೂಗಿನಿಂದ ಹಾಡಿದಂಥ ತೆಳು ಧ್ವನಿ ಅದು. ಈಗ ಪ್ರತಿ ಪಿಕಪ್ಪಿಗೆ ಆಫ್, ನೇರ, ತಿರುವು ಎಂಬ ಮೂರು ಸ್ಥಿತಿ. 3×3×3 = 27. ಎಲ್ಲವೂ ಆಫ್ ಇರುವುದನ್ನು ಕಳೆದರೆ 26. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಧ್ವನಿ ಅದೇ ಆಗಿರುವುದರಿಂದ ಅದರ ಅರ್ಧ, ಅಂದರೆ 13. ಮೂರು ಸುರುಳಿಯಿಂದ ಹದಿಮೂರು ನಾದ!

ಇದನ್ನು ಮಾಡಿ ತೋರಿಸಿದವನು ಒಬ್ಬ ಶಾಲಾ ಹುಡುಗ. ಇಂಗ್ಲೆಂಡಿನ ಬ್ರಯಾನ್ ಮೇ 1963ರಲ್ಲಿ, ಹದಿನಾರರ ವಯಸ್ಸಿನಲ್ಲಿ, ತಂದೆ ಹೆರಾಲ್ಡ್ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಕಟ್ಟಲು ಕುಳಿತ. ಅಂಗಡಿಯ ಗಿಟಾರಿಗೆ ದುಡ್ಡಿರಲಿಲ್ಲ. ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರದಿಂದ ಕುತ್ತಿಗೆ, ಹಳೆ ಮೋಟಾರ್ ಸೈಕಲ್ಲಿನ ಸ್ಪ್ರಿಂಗು, ಹೆಣಿಗೆ ಕಡ್ಡಿಯ ತುದಿ, ಹೀಗೆ ಮನೆಯಲ್ಲಿದ್ದ ಸಾಮಾನು ಕೂಡಿಸಿ ಸುಮಾರು ಎರಡು ವರ್ಷ ದುಡಿದರು. ಮೂರು ಪಿಕಪ್‌ಗಳನ್ನು ಸರಣಿಯಲ್ಲಿ ಜೋಡಿಸಿ ಪ್ರತಿಯೊಂದಕ್ಕೂ ಎರಡು ಸ್ವಿಚ್ ಇಟ್ಟರು: ಒಂದು ಆನ್–ಆಫ್, ಇನ್ನೊಂದು ನೇರ–ತಿರುವು. 'ಕ್ವೀನ್' ತಂಡದ ಹಾಡುಗಳಲ್ಲಿ ಜಗತ್ತು ಕೇಳಿದ್ದು ಈ ಗಿಟಾರನ್ನೇ.

ಸುರುಳಿಗೆ ಒಂದು ಕೆಟ್ಟ ಗುಣವೂ ಇದೆ. ತಂತಿಯ ಕಂಪನದ ಜೊತೆಗೆ ಸುತ್ತಲಿನ ಫ್ಯಾನು, ಟ್ಯೂಬ್‌ಲೈಟಿನ ಚೋಕುಗಳ 50 ಹರ್ಟ್ಜ್ ಕರೆಂಟಿನ ಗುಂಯ್ ಎನ್ನುವ ಸದ್ದನ್ನೂ ಅದು ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೆ ಮದ್ದು ಕಂಡುಹಿಡಿದ. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು ಒಂದರ ಜೋಡಣೆ ತಿರುಗಿಸಿದರೆ ಗುಂಯ್ ಸದ್ದು ಅಳಿಯುತ್ತದೆ, ತಂತಿಯ ನಾದವೂ ಅಳಿಯುತ್ತದೆ. ಆದರೆ ಅದರ ಆಯಸ್ಕಾಂತದ ಧ್ರುವಗಳನ್ನೂ ತಿರುಗಿಸಿದರೆ ನಾದ ಎರಡು ಸಲ ತಿರುಗಿ ಮತ್ತೆ ನೇರವಾಗುತ್ತದೆ. ಆಯಸ್ಕಾಂತದ ಗೊಡವೆಯಿಲ್ಲದ ಗುಂಯ್ ಸದ್ದು ಮಾತ್ರ ಅಳಿದೇ ಇರುತ್ತದೆ. ಋಣ ಗುಣಿಸು ಋಣ ಧನ ಎಂಬ ಬೀಜಗಣಿತದ ನಿಯಮ ಇಲ್ಲಿ ವೈರು ಆಯಸ್ಕಾಂತಗಳಲ್ಲಿ ಕೆಲಸ ಮಾಡುತ್ತಿದೆ.

ಸ್ವಿಚ್ಚುಗಳು ಹೆಚ್ಚಾದಂತೆ ಕೈಯಿಂದ ಒತ್ತುವುದು ಕಷ್ಟ. ಒಂದು ಹಾಡಿನ ನಡುವೆ ನಾಲ್ಕು ಸ್ವಿಚ್ ಬದಲಿಸುವಷ್ಟರಲ್ಲಿ ತಾಳ ತಪ್ಪುತ್ತದೆ. ಆಗ ಬಂದದ್ದು ಪ್ರೋಗ್ರಾಂ ಮಾಡಬಹುದಾದ ಸ್ವಿಚ್. ನಮ್ಮ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟದ ಹನಿ ನೀರಾವರಿಯನ್ನು ನೆನೆಯಿರಿ. ಯಾವ ಮಡಿಗೆ ನೀರು ಬೇಕೋ ಆ ವಾಲ್ವ್ ತೆರೆಯುವುದು ರೈತನ ಕೈಕೆಲಸ. ಟೈಮರ್ ಪೆಟ್ಟಿಗೆ ಇಟ್ಟುಕೊಂಡವರು ಒಮ್ಮೆ ಹೊಂದಿಸಿಟ್ಟರೆ ವಾಲ್ವುಗಳು ತಾವಾಗಿ ತೆರೆದು ಮುಚ್ಚುತ್ತವೆ. ನೀರು ಪೆಟ್ಟಿಗೆಯೊಳಗೆ ಹಾಯುವುದಿಲ್ಲ, ಪೆಟ್ಟಿಗೆ ಆಜ್ಞೆ ಮಾತ್ರ ಕೊಡುತ್ತದೆ. ಗಿಟಾರಿನಲ್ಲೂ ಹಾಗೆಯೇ. ಒಂದು ಪುಟ್ಟ ಚಿಪ್ ಯಾವ ಸುರುಳಿ, ಯಾವ ಜೋಡಣೆ, ಯಾವ ದಿಕ್ಕು ಎಂಬುದನ್ನು ನೆನಪಿಟ್ಟುಕೊಂಡು ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಗೆ ಆಜ್ಞೆ ಕೊಡುತ್ತದೆ. ನಾದ ಮಾತ್ರ ತನ್ನ ವೈರಿನಲ್ಲೇ ಹರಿಯುತ್ತದೆ. ಅಮೆರಿಕದ ಮ್ಯೂಸಿಕ್ ಮ್ಯಾನ್ ಕಂಪನಿ 2010ರ ದಶಕದ ಆರಂಭದಲ್ಲಿ ತಂದ 'ಗೇಮ್ ಚೇಂಜರ್' ಇಂಥದ್ದು. ಕಂಪ್ಯೂಟರಿಗೆ ಜೋಡಿಸಿ ಲಕ್ಷಗಟ್ಟಲೆ ಜೋಡಣೆಗಳಿಂದ ಬೇಕಾದ್ದನ್ನು ಆರಿಸಿ ಇಟ್ಟುಕೊಳ್ಳಬಹುದಿತ್ತು.

ಲಕ್ಷ! ಒಂದೊಂದನ್ನು ಹತ್ತು ಸೆಕೆಂಡು ಕೇಳಿದರೂ ಒಂದು ಲಕ್ಷ ಮುಗಿಯಲು ಊಟ ನಿದ್ದೆ ಬಿಟ್ಟು ಹನ್ನೊಂದು ದಿನ ದಾಟುತ್ತದೆ. ಬ್ರಯಾನ್ ಮೇ ಕೈಯಲ್ಲಿ ಹದಿಮೂರಿದ್ದರೂ ಆತ ಹೆಚ್ಚಾಗಿ ಬಳಸಿದ್ದು ಕ ಮತ್ತು ನ ಎರಡನ್ನೂ ನೇರವಾಗಿ ಕೂಡಿಸಿದ ಒಂದನ್ನೇ. ಆಯ್ಕೆ ಯಂತ್ರದಲ್ಲಿ ಎಷ್ಟಿದೆ ಎಂಬುದಕ್ಕಿಂತ, ಪ್ರತಿ ಆಯ್ಕೆ ಏನು ಮಾಡುತ್ತದೆ ಎಂದು ಕೈಗೂ ಕಿವಿಗೂ ಗೊತ್ತಿರುವುದು ಮುಖ್ಯ. ಆ ತಿಳಿವಳಿಕೆ ಅಂಗಡಿಯಲ್ಲಿ ಸಿಗುವುದಿಲ್ಲ, ಬಿಚ್ಚಿ ಜೋಡಿಸಿದವರಿಗೆ ಸಿಗುತ್ತದೆ.

ಈಗ ಬಬಲೇಶ್ವರದ ತಂದೆಯವರಿಗೆ. ಸ್ವಾಮಿ, ಕೀಲಿ ಹಾಕಬೇಡಿ, ವೇಳಾಪಟ್ಟಿ ಹಾಕಿ. ವಾರದ ದಿನಗಳಲ್ಲಿ ಓದು, ಭಾನುವಾರ ಎರಡು ತಾಸು ಗಿಟಾರ್. ವೈರ್ ಮುಟ್ಟುವ ಮೊದಲು ಮಂಡಲದ ಚಿತ್ರ ಬರೆದು ಪ್ರತಿ ವೈರಿನ ಬಣ್ಣ ಗುರುತು ಹಾಕಲಿ. ಬದಲಿಸಿದ ಮೇಲೆ ಏನು ಕೇಳಿತು ಎಂದು ಪಕ್ಕದಲ್ಲಿ ಬರೆಯಲಿ. ಸರಣಿ–ಸಮಾಂತರದ ಲೆಕ್ಕ ಈ ವರ್ಷದ ಪರೀಕ್ಷೆಗೇ ಬೇಕು, ವಿದ್ಯುತ್ಕಾಂತೀಯ ಪ್ರೇರಣೆ ಮುಂದೆ ದ್ವಿತೀಯ ಪಿಯುಸಿಗೆ ಬರುತ್ತದೆ. ಒಂದು ಮಾತು ಮಾತ್ರ ಮುಚ್ಚಿಡಲಾರೆ. ಬ್ರಯಾನ್ ಮೇ ಖಗೋಳ ಭೌತಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಸಂಗೀತಕ್ಕೆ ಹೋದಾಗ, ಜೊತೆಯಲ್ಲಿ ಕೂತು ಗಿಟಾರ್ ಕಟ್ಟಿದ ಅದೇ ತಂದೆಗೆ ಬಹಳ ನೋವಾಗಿತ್ತು. ಮಗ ಡಾಕ್ಟರೇಟ್ ಮುಗಿಸಿದ್ದು 2007ರಲ್ಲಿ, ಅರವತ್ತು ದಾಟಿದ ಮೇಲೆ. ನೋಡಲು ತಂದೆ ಬದುಕಿರಲಿಲ್ಲ. ನಿಮ್ಮ ಮಗ ಮುಂದೆ ಯಾವ ದಾರಿ ಹಿಡಿಯುತ್ತಾನೋ ನನಗೂ ನಿಮಗೂ ಗೊತ್ತಿಲ್ಲ. ಆದರೆ ಈ ಪಾಠವನ್ನು ಅವನು ಮರೆಯಲಾರ. ನಮ್ಮ ನಾಡಿನಲ್ಲೇ ನೋಡಿ, 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು.

ಕೀಲಿಗಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ. ಗಿಟಾರಿನೊಳಗೆ ಅಪಾಯವಿಲ್ಲ, ಅಪಾಯ ಆಂಪ್ಲಿಫಯರಿನಲ್ಲಿದೆ. ಗಿಟಾರಿನ ತಂತಿಗಳು ಸಾಮಾನ್ಯವಾಗಿ ವೈರಿನ ಮೂಲಕ ಆಂಪ್ಲಿಫಯರಿನ ಲೋಹದ ಪೆಟ್ಟಿಗೆಗೆ ಕೂಡಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಪೆಟ್ಟಿಗೆಗೆ ಹತ್ತಿದ ಕರೆಂಟು ನೇರ ಬೆರಳಿಗೆ ಬರುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಎಂಬ ಗಿಟಾರ್ ವಾದಕ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ತೀರಿಕೊಂಡ. ಗಣಪತಿ ಮಂಟಪದಲ್ಲಿ, ಜಾತ್ರೆಯ ವೇದಿಕೆಯಲ್ಲಿ ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥ್ ಇದೆಯೇ ಎಂದು ಮೊದಲು ನೋಡಿ. ಸೋಲ್ಡರಿಂಗ್ ಮಾಡುವಾಗ ಗಿಟಾರಿನ ಕೇಬಲ್ ಕಿತ್ತಿಟ್ಟಿರಬೇಕು.

ಗಿಟಾರ್ ಇಲ್ಲದವರೂ ಈ ಪ್ರಯೋಗ ಮಾಡಬಹುದು. ಎರಡು ಹಳೆಯ 12 ವೋಲ್ಟ್ ರಿಲೇಗಳ ಹೊದಿಕೆ ಮತ್ತು ಮೇಲಿನ ಅಲುಗಾಡುವ ಪಟ್ಟಿ ತೆಗೆದು, ಒಂದೊಂದರ ಕೆಳಗೆ ಒಂದು ಚಿಕ್ಕ ಆಯಸ್ಕಾಂತ ಅಂಟಿಸಿ. ಹಲಗೆಗೆ ಎರಡು ಮೊಳೆ ಬಡಿದು ಉಕ್ಕಿನ ತಂತಿ ಬಿಗಿದು, ರಿಲೇಗಳನ್ನು ಅದರ ಕೆಳಗೆ ಪಕ್ಕಪಕ್ಕ ಇಡಿ. ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿ, ಬ್ಯಾಟರಿಯಿಂದ ನಡೆಯುವ ಚಿಕ್ಕ ಆಂಪ್ಲಿಫಯರಿಗೆ ಮಾತ್ರ ಕೊಡಿ. ಹತ್ತಿರ ಒಂದು ಟೇಬಲ್ ಫ್ಯಾನ್ ತಿರುಗಲಿ. ಒಂದು ಸುರುಳಿಯ ವೈರ್ ಅದಲುಬದಲು ಮಾಡಿ ಕೇಳಿ. ಬಳಿಕ ಅದರ ಆಯಸ್ಕಾಂತವನ್ನು ಬೋರಲು ಹಾಕಿ ಕೇಳಿ. ಸೇತ್ ಲವರ್ ಕೇಳಿದ್ದು ನಿಮಗೂ ಕೇಳಿಸುತ್ತದೆ.

ಕೊನೆಗೆ ಮುಂದಿನ ವಾರಕ್ಕೊಂದು ಲೆಕ್ಕ. ಮೂರು ಪಿಕಪ್ಪಿಗೆ ಹದಿಮೂರು ನಾದವಾದರೆ, ಅದೇ ರೀತಿ ಜೋಡಿಸಿದ ನಾಲ್ಕು ಪಿಕಪ್ಪಿಗೆ ಎಷ್ಟು? ಉತ್ತರದ ಜೊತೆ ಲೆಕ್ಕ ಮಾಡಿದ ಕ್ರಮವನ್ನೂ ಬರೆದು ಕಳಿಸಿ.