ಗಡಿಯ ಕನ್ನಡಕ್ಕೊಂದು ಮಾಹಿತಿ ಜಾಲ

1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರನ್ನು ಕಾಡಿದ ಚಿಂತೆಯಿದು: ಸಂಸ್ಥೆ ಬಿಟ್ಟವರೊಡನೆ ಅವರ ತಿಳಿವಳಿಕೆಯೂ ಹೊರಟುಹೋಗುತ್ತದೆ. ಮಾಹಿತಿಯನ್ನು ಒಂದೇ ಕಣಜಕ್ಕೆ ತುಂಬದೆ, ಇದ್ದಲ್ಲೇ ಇರಿಸಿ ಕೊಂಡಿಗಳಿಂದ ಬೆಸೆಯುವ ಅವರ ಸಲಹೆಯೇ ಮುಂದೆ ವೆಬ್ ಆಯಿತು.

ಆ ಚಿಂತೆ ನಮ್ಮದೂ ಹೌದು. ರಾಯದುರ್ಗ, ಮಡಕಶಿರಾಗಳ ಕನ್ನಡ ಶಾಲೆಗಳು ಒಂದೇ ಶಿಕ್ಷಣ ಇಲಾಖೆಗೆ ಸೇರಿದವು. ಅಧ್ಯಾಪಕರು ವರ್ಗವಾದರೆ ಅವರ ಟಿಪ್ಪಣಿಗಳೂ ಊರು ಬಿಡಬಾರದು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಕನ್ನಡ ಒಂದೇ. ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿ. ಅಲ್ಲಿಯ ಶಾಸನಪಾಠ ರಾಯದುರ್ಗದ ವಿದ್ಯಾರ್ಥಿಗೂ ದೊರೆಯಬೇಕು.

ಆದ್ದರಿಂದ ಎರಡೂ ಊರುಗಳಲ್ಲಿ ಒಂದೊಂದು ಸರ್ವರ್, ಎರಡಕ್ಕೂ ಸೇರಿ ಒಂದು ಸೂಚಿ ಇರಲಿ. ಒಂದು ಕೆಟ್ಟರೆ ಇನ್ನೊಂದರಲ್ಲಿ ಪ್ರತಿ ಉಳಿಯಲಿ. ಬರಹವೆಲ್ಲ ಯೂನಿಕೋಡ್‌ನಲ್ಲಿರಲಿ, ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತದಲ್ಲಿ ಕನ್ನಡ ಪದ ಹುಡುಕಿದರೆ ಸಿಗದು.

ಯಂತ್ರಕ್ಕಿಂತ ಮುಖ್ಯವಾದುದು ಸೂಚಿಯನ್ನು ಬರೆಯುವ ಕೈ. ಕೃತಿಯ ಕಾಲ, ಕರ್ತೃ, ವಸ್ತುಗಳನ್ನರಿತು ವರ್ಗೀಕರಿಸುವ ವಿದ್ಯೆ ಐಚ್ಛಿಕ ಕನ್ನಡದವರದು. ಅದನ್ನು ಗಣಕ ವಿಭಾಗಕ್ಕೆ ಒಪ್ಪಿಸಿ ನಾವು ಸುಮ್ಮನಿರುವುದು ಸಲ್ಲದು.