ತೀರ್ಪಿನ ಜೊತೆ ಕಾರಣವೂ ಕೇಳಿಸಲಿ

2023ರ ಮಾರ್ಚ್ 3. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಆಟಗಾರರು ತಡೆಗೋಡೆ ಕಟ್ಟುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಗೋಲಿಗೆ ಸೇರಿಸಿದರು. ರೆಫರಿ ಗೋಲು ಎಂದರು. ಸೀಟಿ ಊದಲಿಲ್ಲವಲ್ಲ ಎಂದು ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು. ಆ ಕ್ಲಬ್‌ಗೆ ಬಿದ್ದ ದಂಡ 4 ಕೋಟಿ ರೂಪಾಯಿ.

ತ್ವರಿತ ಫ್ರೀ ಕಿಕ್‌ಗೆ ನಿಯಮದಲ್ಲಿ ಅವಕಾಶವಿದೆ. ಸೀಟಿಗೆ ಕಾಯಿರಿ ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಸೂಚಿಸಿದ್ದರೇ, ಇಲ್ಲವೇ? ಗ್ಯಾಲರಿಯಲ್ಲಿದ್ದವರಿಗೂ ತಿಳಿಯಲಿಲ್ಲ, ಟಿವಿ ಮುಂದೆ ಕುಳಿತವರಿಗೂ ತಿಳಿಯಲಿಲ್ಲ. ಎರಡೂ ರಾಜ್ಯಗಳ ಅಭಿಮಾನಿಗಳು ಬೈದಾಡಿಕೊಂಡದ್ದಷ್ಟೇ ಬಂತು.

ಇದಕ್ಕೆ ವಿಎಆರ್ ತಂತ್ರಜ್ಞಾನವೇ ಮದ್ದು ಎನ್ನುವವರಿದ್ದಾರೆ. ಆದರೆ ಕ್ಯಾಮೆರಾ ಒಂದೇ ಸಾಲದು. ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ಇದ್ದರೂ ‘ಅಂಪೈರ್ಸ್ ಕಾಲ್’ ಬಂದಾಗ ಜಗಳ ನಿಲ್ಲುವುದಿಲ್ಲ. ಚೆಂಡು ವಿಕೆಟ್ ಅಂಚಿಗೆ ತಾಗುವಂತಿದ್ದರೂ ಒಬ್ಬ ಔಟ್, ಇನ್ನೊಬ್ಬ ನಾಟೌಟ್ ಏಕೆ ಎಂದು ಬಹಳ ಜನರಿಗೆ ಇಂದಿಗೂ ಗೊತ್ತಿಲ್ಲ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರೆಫರಿ ಮೈಕ್ ಹಚ್ಚಿ, ಯಾರ ತಪ್ಪು, ಏನು ಶಿಕ್ಷೆ ಎಂದು ಇಡೀ ಕ್ರೀಡಾಂಗಣಕ್ಕೆ ಹೇಳುತ್ತಾರೆ. 2023ರ ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನಲ್ಲೂ ವಿಎಆರ್ ತೀರ್ಪನ್ನು ಹೀಗೆಯೇ ಘೋಷಿಸಿದರು. ಅಲ್ಲಿಯೂ ವಾದ ನಡೆಯುತ್ತದೆ. ಆದರೆ ಯಾವುದರ ಮೇಲೆ ವಾದ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಸಿಇಟಿಯಲ್ಲಿ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಅಂಕ ಕಡಿಮೆ ಬಂದರೂ ಆ ವ್ಯವಸ್ಥೆಯ ಮೇಲೆ ನಂಬಿಕೆ ಉಳಿಯುವುದು ಅದರಿಂದಲೇ. ಟಿಕೆಟ್ ಕೊಂಡು ಬರುವ ಅಭಿಮಾನಿಗೂ ಅಷ್ಟು ಹಕ್ಕಿದೆ. ನಮ್ಮ ಲೀಗ್‌ಗಳು ರೆಫರಿಯ ಕೈಗೆ ಮೊದಲು ಮೈಕ್ ಕೊಡಲಿ.